ಪೆಟ್ಟಿಗೆ ಗಡುಸಾಗುವ ಲೋಹ

ತಾಮ್ರದ ತಂತಿಯೊಂದನ್ನು ಒಂದೇ ಎಡೆಯಲ್ಲಿ ಹಿಂದುಮುಂದಾಗಿ ಬಾಗಿಸಿ ನೋಡೋಣ. ಮೊದಲು ಸುಲಭವಾಗಿ ಮಣಿದ ತಂತಿಯು ಬರಬರುತ್ತ ಗಡುಸಾಗಿ ಕೊನೆಗೆ ಮುರಿಯುವುದು. ಲೋಹದ ಹರಳುಗಳಲ್ಲಿ ಪರಮಾಣುಗಳ ಸಾಲು ತಪ್ಪಿದ ಎಡೆಗಳು ಹೆಚ್ಚಿ, ಒಂದರ ಚಲನೆಗೆ ಇನ್ನೊಂದು ಅಡ್ಡಬರುವುದೇ ಈ ಗಡುಸಿಗೆ ಕಾರಣ.

ಹಳೆಯ ಕಾರಿನ ತಗ್ಗನ್ನು ಬಡಿದು ಸರಿಪಡಿಸುವವನಿಗೂ ಇದೇ ಅಪಾಯ. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ 120 ಕಾರಿನ ಮೊದಲ ಒಡಲುಗಳು ಅಲ್ಯುಮಿನಿಯಮಿನವು. ಬಡಿದು ಸೀಳಿದ ಮೂಲ ತಗಡು ಮತ್ತೆ ದೊರೆಯದು. ಕಾಯಿಸಿದರೆ ಹೊಸ ಹರಳುಗಳು ಮೂಡಿ ತಗಡು ಮೆದುವಾಗುವುದು. ಆದರೆ ಅಲ್ಯುಮಿನಿಯಂ ಹಗಲ ಬೆಳಕಿನಲ್ಲಿ ಕೆಂಪಾಗಿ ಕಾಣದೆಯೇ 660 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕರಗಿಬಿಡುವುದು! ಆದುದರಿಂದ ಕೆಲಸಗಾರರು ಸಾಬೂನನ್ನು ಸವರಿ, ಅದು ಕಪ್ಪಾದೊಡನೆ ಉರಿಯನ್ನು ಹಿಂದೆಗೆಯುವರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ವಿದ್ಯಾರ್ಥಿಗಳು ಇಂಥ ಕಾರನ್ನು ಕಂಡಿರಲಾರರು. ತಾಮ್ರದ ಹಂಡೆಯನ್ನು ಬಲ್ಲರು. ಅದನ್ನು ಬಡಿಯುವವನೂ ನಡುನಡುವೆ ಕಾಯಿಸುವುದು ಇದಕ್ಕಾಗಿಯೇ.