ಉಳ್ಳಾಗಡ್ಡಿ ಮೈಕ್ ಬಂದದ ನೋಡು

ಹೈದರಾಬಾದಿನ ಮಿಯಾಪುರದಲ್ಲಿ ಬೆಳಗಿನ ಹೊತ್ತು ಗಲ್ಲಿಯೊಳಗೆ ಆಟೊವೊಂದು ನಿಧಾನಕ್ಕೆ ಸರಿಯುತ್ತದೆ. ಹಿಂದೆ ಈರುಳ್ಳಿ ಮೂಟೆ, ಮುಂದೆ ಕನ್ನಡಿಯ ಪಕ್ಕದಲ್ಲಿ ತಂತಿಯಿಂದ ಬಿಗಿದ, ಬಾಯಿ ಅಗಲವಾದ ಕೊಳವೆಯಂಥ ಒಂದು ಸಾಮಾನು. ಅದರೊಳಗಿಂದ ‘ಉಲ್ಲಿಗಡ್ಡಲೂ... ಉಲ್ಲಿಗಡ್ಡಲೂ...’ ಎಂದು ಒಂದೇ ದನಿ, ಒಂದೇ ಏರಿಳಿತದಲ್ಲಿ ಹೊರಬೀಳುತ್ತಿರುತ್ತದೆ. ಆಟೊದವನ ಬಾಯಿ ಮಾತ್ರ ಮುಚ್ಚಿದೆ. ಎಂದೋ ರೆಕಾರ್ಡ್ ಮಾಡಿಟ್ಟ ಕೂಗು ಅದು. ಬೀದರದಿಂದ ಬಂದು ಇಲ್ಲಿ ನೆಲೆಸಿದ ಮನೆಯಾದರೆ, ಒಳಗಿನಿಂದ ಅಜ್ಜಿಯ ಮಾತು ಹೀಗೆ ಕೇಳಿಸೀತು: ‘ಏ ತಮ್ಮಾ, ಉಳ್ಳಾಗಡ್ಡಿ ಮೈಕ್ ಬಂದದ ನೋಡು.’

ಈ ಪುಟ್ಟ ವಾಕ್ಯದಲ್ಲಿ ಮಾರುವವನೇ ಇಲ್ಲ. ಬಂದದ್ದು ಮೈಕ್. ಹೂವಿನವ, ಹಾಲಿನವ, ಪೇಪರಿನವ ಎನ್ನುವ ಭಾಷೆ ಈರುಳ್ಳಿಯವನ ವಿಷಯದಲ್ಲಿ ಮಾತ್ರ ಮನುಷ್ಯನನ್ನು ಬಿಟ್ಟು ಅವನ ದನಿಯ ಡಬ್ಬಿಯನ್ನೇ ಕರ್ತೃವಾಗಿ ಕೂರಿಸಿಬಿಟ್ಟಿದೆ.

ಉಳ್ಳಾಗಡ್ಡಿಯ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕರಾವಳಿ ಆಂಧ್ರದಲ್ಲಿ ‘ಉಲ್ಲಿಪಾಯ’ ಎನ್ನುವುದನ್ನು ತೆಲಂಗಾಣ ‘ಉಲ್ಲಿಗಡ್ಡ’ ಎನ್ನುತ್ತದೆ. ಬೆಂಗಳೂರಿನ ‘ಈರುಳ್ಳಿ’ಯನ್ನು ಉತ್ತರ ಕರ್ನಾಟಕ ‘ಉಳ್ಳಾಗಡ್ಡಿ’ ಎನ್ನುತ್ತದೆ. ಹಾಗಾಗಿ ಬೀದರದ ಅಜ್ಜಿಗೆ ತೆಲುಗಿನ ಆ ಕೂಗು ಅನುವಾದವಿಲ್ಲದೆ ಅರ್ಥವಾಗುತ್ತದೆ. ಬೀದರ, ಗುಲ್ಬರ್ಗ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಮಿಯಾಪುರವನ್ನು ಹಾದುಹೋಗುವ ಹೆದ್ದಾರಿ ಜಹೀರಾಬಾದ್ ದಾಟಿದರೆ ಕರ್ನಾಟಕದೊಳಕ್ಕೆ ಹೊಕ್ಕು ಹುಮನಾಬಾದಿನ ಕಡೆಗೆ ಸಾಗುತ್ತದೆ.

ಇನ್ನು ಮೈಕ್. ಹೆಸರಿನ ಪ್ರಕಾರ ನೋಡಿದರೆ ಅದು ಮೈಕ್ರೊಫೋನಿನ ಮೊಟಕು ರೂಪ, ಅಂದರೆ ದನಿಯನ್ನು ಒಳಗೆಳೆದುಕೊಳ್ಳುವ ಸಾಧನ. ಕನ್ನಡಿಗರು ಅದನ್ನು ದನಿಯನ್ನು ಹೊರಗೆಸೆಯುವ ಕೊಳವೆಗೂ ಅಂಟಿಸಿದರು. ‘ಮರಕ್ಕೆ ಮೈಕ್ ಕಟ್ಟಿದ್ದಾರೆ’, ‘ಗುಡಿಯ ಮೈಕ್ ಇನ್ನೂ ನಿಂತಿಲ್ಲ’ ಎಂದಾಗ ಯಾರ ಕಣ್ಣೂ ಭಾಷಣಕಾರನ ಮೂತಿಯ ಮುಂದಿನ ಉಪಕರಣವನ್ನು ಹುಡುಕುವುದಿಲ್ಲ. ಇದನ್ನು ತಪ್ಪು ಬಳಕೆ ಎಂದು ತಿದ್ದಹೊರಡುವ ಪಂಡಿತರಿಗೆ ಮೆಗಾಫೋನ್ ಒಂದು ಪೇಚನ್ನು ತಂದಿಡುತ್ತದೆ. ಅದರಲ್ಲಿ ಮೈಕ್ರೊಫೋನು, ಆಂಪ್ಲಿಫೈಯರು, ಬ್ಯಾಟರಿ, ಹಾರ್ನು ಎಲ್ಲವೂ ಒಂದೇ ಹಿಡಿಕೆಗೆ ಜೋಡಿಸಿಕೊಂಡಿವೆ. ಕೇಳಿಸಿಕೊಳ್ಳುವ ಕಿವಿಯೂ ಕೂಗುವ ಬಾಯಿಯೂ ಒಂದೇ ಮೈಯಲ್ಲಿರುವಾಗ ‘ಮೈಕ್’ ಎಂದವರ ಲೆಕ್ಕವೇ ಸರಿಯಾಗುತ್ತದೆ!

ಬರೆಯುವ ಕನ್ನಡಕ್ಕೆ ಬೇರೆ ಪದವಿದೆ: ಧ್ವನಿವರ್ಧಕ. ದನಿಯನ್ನು ಹೆಚ್ಚಿಸುವಂಥದ್ದು ಎಂಬ ಅಚ್ಚುಕಟ್ಟಾದ ಸಂಸ್ಕೃತ ಸಮಾಸ. ಗ್ರೀಕಿನ ‘ಮೆಗಾ’ ಎಂದರೆ ದೊಡ್ಡದು, ‘ಫೋನೆ’ ಎಂದರೆ ದನಿ. ಅರ್ಥದಲ್ಲಿ ಇಬ್ಬರೂ ನೆಂಟರೇ. ಆದರೆ ಧ್ವನಿವರ್ಧಕ ಯಾರ ಜೊತೆ ಓಡಾಡುತ್ತದೆ ಎಂದು ಗಮನಿಸಿದರೆ ಅದರ ಸ್ವಭಾವ ತಿಳಿಯುತ್ತದೆ. ಅದನ್ನು ‘ಅಳವಡಿಸುತ್ತಾರೆ’, ‘ಬಳಸುತ್ತಾರೆ’, ‘ನಿಷೇಧಿಸುತ್ತಾರೆ’, ‘ತೆರವುಗೊಳಿಸುತ್ತಾರೆ’. ಎಲ್ಲವೂ ಕಚೇರಿಯ ಕ್ರಿಯಾಪದಗಳು. ಮೈಕನ್ನಾದರೋ ಹಿಡಿಯುತ್ತಾರೆ, ಕಟ್ಟುತ್ತಾರೆ, ಹಚ್ಚುತ್ತಾರೆ, ಕಸಿದುಕೊಳ್ಳುತ್ತಾರೆ. ‘ಮೈಕ್ ಸಿಕ್ಕರೆ ಬಿಡೋನಲ್ಲ’ ಎಂಬ ಮಾತು ಪ್ರತಿ ಊರಿನ ಒಬ್ಬಿಬ್ಬರಿಗೆ ಸಲ್ಲುತ್ತದೆ. ಅಲ್ಲಿ ಮೈಕ್ ತೆಗೆದು ಧ್ವನಿವರ್ಧಕ ಇಟ್ಟರೆ ನಗು ಸತ್ತುಹೋಗುತ್ತದೆ.

‘ಮೆಗಾಫೋನ್’ ಮೂರನೆಯ ದಾರಿ ಹಿಡಿದಿದೆ. ಅದು ಹೆಚ್ಚಾಗಿ ಸುದ್ದಿಯಲ್ಲಿ ಕಾಣಿಸುತ್ತದೆ: ‘ಪೊಲೀಸರು ಮೆಗಾಫೋನ್ ಮೂಲಕ ಎಚ್ಚರಿಕೆ ನೀಡಿದರು.’ ಆ ‘ಮೂಲಕ’ವೇ ಇದು ಕಾಗದದ ಮೇಲಿನ ವಾಕ್ಯ ಎಂದು ಹೇಳಿಬಿಡುತ್ತದೆ. ಬಾಯಿಮಾತು ವಿಭಕ್ತಿಯನ್ನೇ ನೆಚ್ಚಿಕೊಳ್ಳುತ್ತದೆ, ಮೈಕಿನಲ್ಲಿ ಹೇಳಿದರು ಎನ್ನುತ್ತದೆ. ಬೀದರದಲ್ಲಿ ‘ಮೈಕ್ನ್ಯಾಗ ಹೇಳ್ಯಾರ’. ಮಿಯಾಪುರದ ತೆಲುಗಿನಲ್ಲಿ ‘ಮೈಕುಲೋ’, ಹಳೆ ಹೈದರಾಬಾದಿನ ದಖನಿಯಲ್ಲಿ ‘ಮೈಕ್ ಮೇ’. ಮೂರು ಭಾಷೆಗಳೂ ಮಾತನ್ನು ಆ ಕೊಳವೆಯ ಒಳಗೇ ಇಡುತ್ತವೆ.

ವಸ್ತು ಮಾತ್ರ ಈ ಹೆಸರುಗಳಿಗಿಂತ ಹಳೆಯದು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮೋರ್‌ಲ್ಯಾಂಡ್ 1671ರಲ್ಲಿ ಮಾತಿನ ಕಹಳೆಯೊಂದನ್ನು ವರ್ಣಿಸಿ ಪುಸ್ತಿಕೆ ಪ್ರಕಟಿಸಿದ. ಗ್ರೀಕ್ ಮಹಾಕಾವ್ಯದಲ್ಲಿ ಬರುವ, ಐವತ್ತು ಜನರ ದನಿಗೆ ಸಮನಾಗಿ ಕೂಗುವ ಸ್ಟೆಂಟರನ ಹೆಸರನ್ನು ಅದಕ್ಕೆ ಜೋಡಿಸಿದ. 1878ರಲ್ಲಿ ಎಡಿಸನ್ ಮೆಗಾಫೋನ್ ಎಂದು ಕರೆದ ಸಾಧನದಲ್ಲಿ ಕೂಗಲು ಒಂದು ಕೊಳವೆಯ ಜೊತೆಗೆ ದೂರದ ಮಾತು ಕೇಳಿಸಿಕೊಳ್ಳಲು ಕಿವಿಗಿಡುವ ಎರಡು ಉದ್ದ ಕೊಳವೆಗಳಿದ್ದವು. ಕೇಳುವ ಆ ಭಾಗ ಆಮೇಲೆ ಕಳಚಿಹೋಯಿತು. ಮೆಗಾಫೋನ್ ಹಿಡಿದವರು ಯಾರ ಮಾತನ್ನೂ ಕೇಳುವುದಿಲ್ಲ ಎಂಬ ದೂರಿಗೆ ಇಲ್ಲೊಂದು ಚಾರಿತ್ರಿಕ ಆಧಾರ ಸಿಕ್ಕಂತಾಯಿತು.

ಕೈಯಲ್ಲಿ ಹಿಡಿಯುವ ಈ ಹಾರ್ನು ಎಲ್ಲ ದನಿಯನ್ನೂ ಸಮನಾಗಿ ಹೊರಡಿಸುವುದಿಲ್ಲ. ಬಾಯಿ ಚಿಕ್ಕದಾದ್ದರಿಂದ ಕೆಳಸ್ಥಾಯಿ ಸೋರಿಹೋಗುತ್ತದೆ, ಮನುಷ್ಯನ ದನಿ ತಗಡಿನಂತಾಗುತ್ತದೆ. ದೂರದವರೆಗೆ ಉಳಿಯುವುದು ಎಳೆದ ಸ್ವರ. ಅದಕ್ಕೇ ‘ಉಲ್ಲಿಗಡ್ಡಲು’ ಎಂಬ ಮಾತಿನ ಕೊನೆಯ ಉಕಾರ ಬೀದಿಯುದ್ದಕ್ಕೂ ದೀರ್ಘವಾಗುತ್ತದೆ. ಮೈಕನ್ನು ಹಾರ್ನಿನ ಬಾಯಿಗೆ ಹತ್ತಿರ ತಂದರೆ ಹೊರಬಂದ ದನಿಯೇ ಮತ್ತೆ ಒಳಹೊಕ್ಕು ಸುತ್ತತೊಡಗಿ ‘ಕುಂಯ್’ ಎಂದು ಚೀರುತ್ತದೆ. ಆ ಚೀರಾಟ ಶುರುವಾದ ಕೂಡಲೇ ಕಿವಿ ಮುಚ್ಚಿಕೊಳ್ಳುವುದರಲ್ಲಿ ಜಾತಿ, ಭಾಷೆ, ಪಕ್ಷಗಳ ಭೇದವಿಲ್ಲ.

ಗಟ್ಟಿಯಾಗಿ ಸದ್ದು ಮಾಡಲು ಅಪ್ಪಣೆ ಬೇಕೆಂಬುದೂ ಹೊಸದಲ್ಲ. ಕನ್ನಡ ಶಾಸನಗಳಲ್ಲಿ ಸಾಮಂತರ ಬಿರುದುಗಳ ಸಾಲು ‘ಸಮಧಿಗತ ಪಂಚಮಹಾಶಬ್ದ’ ಎಂದು ಮೊದಲಾಗುತ್ತದೆ. ಐದು ಮಹಾಶಬ್ದಗಳನ್ನು ಪಡೆದವನು ಎಂದರ್ಥ. ಕೊಂಬು, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಅವನ್ನು ಸಾಮಾನ್ಯವಾಗಿ ಎಣಿಸುತ್ತಾರೆ. ಅವನ್ನು ಬಾರಿಸಿಕೊಂಡು ಮೆರೆಯುವ ಹಕ್ಕು ಮೇಲಿನ ಅರಸನಿಂದ ಬರಬೇಕಿತ್ತು. ಈಗ ಅರಸನ ಜಾಗದಲ್ಲಿ ಶಬ್ದಮಾಲಿನ್ಯ ನಿಯಮಗಳು, 2000 ಕುಳಿತಿವೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಅದು ಬಾಯಿ ಬಿಡುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಸಾಧಾರಣ ಮಾತುಕತೆಯೇ 60ರ ಹತ್ತಿರ ಸುಳಿಯುತ್ತದೆ ಎಂಬುದನ್ನು ನೆನೆದರೆ ಉಳ್ಳಾಗಡ್ಡಿ ಮೈಕಿನ ಸ್ಥಿತಿ ಏನೆಂದು ಬಿಡಿಸಿ ಹೇಳಬೇಕಿಲ್ಲ.

ವಿಚಿತ್ರವೆಂದರೆ, ಯಾರನ್ನಾದರೂ ಹಂಗಿಸಬೇಕಾದಾಗ ಕನ್ನಡ ಈ ಹೊಸ ಉಪಕರಣವನ್ನು ಮುಟ್ಟುವುದು ಕಡಿಮೆ. ಆಳುವವರ ಪರ ಸದಾ ಮಾತಾಡುವವನು ‘ಸರ್ಕಾರದ ತುತ್ತೂರಿ’. ಗುಟ್ಟು ಬಿಟ್ಟುಕೊಟ್ಟವನು ‘ಊರಿಗೆಲ್ಲ ಡಂಗುರ ಸಾರಿದ’. ನೆರೆಯ ತೆಲುಗಿನದೂ ಅದೇ ಹಟ. ಅಲ್ಲಿ ಹೊಗಳುಭಟ್ಟ ‘ಬಾಕಾ’ ಊದುತ್ತಾನೆ, ಸುದ್ದಿಗೆ ‘ದಂಡೋರಾ’ ಹಾಕುತ್ತಾರೆ. ಹಿಂದಿಯಲ್ಲಿ ‘ಸರ್ಕಾರಿ ಭೋಂಪು’. ಡಂಗುರದವನು ಊರಿನಿಂದ ಕಣ್ಮರೆಯಾಗುತ್ತಿದ್ದರೂ ಬೈಗುಳದಲ್ಲಿ ಅವನ ಕೆಲಸ ಹೋಗಿಲ್ಲ. ಮೈಕಿಗೆ ಸಿಕ್ಕ ಏಕೈಕ ಪೌರಾಣಿಕ ಬಡ್ತಿ ಎಂದರೆ ‘ಮೈಕಾಸುರ’. ಪರೀಕ್ಷೆಯ ದಿನಗಳಲ್ಲಿ ಪತ್ರಿಕೆಗಳಿಗೆ ಬರೆಯುವ ಓದುಗರಿಗೆ ಅದು ಪ್ರಿಯವಾದ ಪದ.

ಮಿಯಾಪುರದ ಆಟೊದ ಬ್ಯಾಟರಿ ಸೋತ ದಿನ ಕೊಳವೆಯಿಂದ ಒಡಕು ಸದ್ದಷ್ಟೇ ಬರುತ್ತದೆ. ಚಾಲಕ ಸ್ವಿಚ್ ಆರಿಸಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ತಾನೇ ಕೂಗಬೇಕಾಗುತ್ತದೆ. ಎರಡು ಗಲ್ಲಿಯಲ್ಲಿ ಅವನ ಗಂಟಲೂ ಒಣಗುತ್ತದೆ. ಅಂಥ ದಿನ ಬೀದರದವರ ಮನೆಯೊಳಗಿನಿಂದ ಬರುವ ವಾಕ್ಯದಲ್ಲೂ ಅವನು ಇರುವುದು ಅನುಮಾನ: ‘ಯಾಕೋ ಇವತ್ತ ಮೈಕಿನ ಗಂಟಲ ಕೂತದ.’