ಸ್ನಾಯು ಬೆಳೆಯಿತು, ಮೆಟ್ಟಿಲು ಹತ್ತಲಾಗಲಿಲ್ಲ

ನಾಲ್ಕೇ ನಾಲ್ಕು ಮೆಟ್ಟಿಲು. ಅವನ್ನು ಹತ್ತಲು ಹುಡುಗನಿಗೆ ಎಷ್ಟು ಸೆಕೆಂಡ್ ಬೇಕು ಎಂಬುದರ ಮೇಲೆ ಡೊಮಾಗ್ರೋಜುಮಾಬ್ ಎಂಬ ಔಷಧದ ಹಣೆಬರಹ ನಿಂತಿತ್ತು. ಫೈಜರ್ ಕಂಪನಿ ನಡೆಸಿದ ಈ ಪ್ರಯೋಗದಲ್ಲಿ ಡುಶೆನ್ ಸ್ನಾಯುಕ್ಷಯವಿದ್ದ ಸುಮಾರು 120 ಬಾಲಕರಿದ್ದರು. ಡುಶೆನ್ ಎಂದರೆ ಸ್ನಾಯುವನ್ನು ಗಟ್ಟಿಯಾಗಿ ಹಿಡಿದಿಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನನ್ನು ದೇಹ ತಯಾರಿಸಲಾಗದ ಕಾಯಿಲೆ. ಬರುವುದು ಬಹುಪಾಲು ಗಂಡುಮಕ್ಕಳಿಗೆ. ಓಡಾಡಿಕೊಂಡಿದ್ದ ಹುಡುಗ ಹತ್ತು-ಹನ್ನೆರಡು ದಾಟುವಷ್ಟರಲ್ಲಿ ಗಾಲಿಕುರ್ಚಿ ಹಿಡಿಯುತ್ತಾನೆ. ಒಂದು ವರ್ಷ ಔಷಧ ಕೊಟ್ಟು ನೋಡಿದರೆ, ಮದ್ದು ಪಡೆದವರಿಗೂ ಹುಸಿಮದ್ದು ಪಡೆದವರಿಗೂ ಮೆಟ್ಟಿಲಿನ ಮುಂದೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಪ್ರಯೋಗ ನಿಂತಿತು.

ಆ ಔಷಧದ ಹಿಂದೆ ಇಪ್ಪತ್ತು ವರ್ಷಗಳ ಆಸೆಯಿತ್ತು. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸೆ-ಜಿನ್ ಲೀ ಮತ್ತು ಅಲೆಕ್ಸಾಂಡ್ರಾ ಮೆಕ್‌ಫೆರಾನ್ ಇಲಿಗಳಲ್ಲಿ ಒಂದು ಜೀನನ್ನು ತೆಗೆದುಹಾಕಿದರು. ಅವುಗಳ ಸ್ನಾಯು ಮಾಮೂಲಿ ಇಲಿಯದ್ದಕ್ಕಿಂತ ಎರಡು-ಮೂರು ಪಟ್ಟು ತೂಗಿತು. ಆ ಜೀನಿನಿಂದ ತಯಾರಾಗುವ ಮಯೋಸ್ಟಾಟಿನ್ ಎಂಬ ಪ್ರೋಟೀನ್ ಸ್ನಾಯುವಿನ ಬೆಳವಣಿಗೆಗೆ ದೇಹವೇ ಹಾಕಿಕೊಂಡ ಕಡಿವಾಣ. ಮೈತುಂಬ ಮಾಂಸ ತುಂಬಿಕೊಂಡ ಬೆಲ್ಜಿಯನ್ ಬ್ಲೂ ದನಗಳಲ್ಲೂ ಇದೇ ಜೀನ್ ಕೆಟ್ಟಿರುವುದು ಆ ವರ್ಷವೇ ಗೊತ್ತಾಯಿತು. 2004ರಲ್ಲಿ ಜರ್ಮನಿಯ ವೈದ್ಯರು ಮಯೋಸ್ಟಾಟಿನ್ ಇಲ್ಲದೆ ಹುಟ್ಟಿದ ಒಂದು ಮಗುವಿನ ವಿವರ ಪ್ರಕಟಿಸಿದರು. ನಾಲ್ಕೂವರೆ ವರ್ಷಕ್ಕೆ ಆ ಮಗು ಎರಡೂ ಕೈಗಳಲ್ಲಿ 3 ಕಿಲೋ ತೂಕದ ಡಂಬೆಲ್ ಹಿಡಿದು ತೋಳು ಚಾಚಿ ನಿಲ್ಲುತ್ತಿತ್ತು. ಈ ಕಡಿವಾಣ ಸಡಿಲಿಸಿದರೆ ಸೊರಗಿದ ಸ್ನಾಯು ಮತ್ತೆ ತುಂಬಿಕೊಂಡೀತು ಎಂದು ನಂಬಲು ಇನ್ನೇನು ಬೇಕಿತ್ತು?

ರೋಗಿಗಳ ವಿಷಯದಲ್ಲಿ ಆ ನಂಬಿಕೆ ಫಲಿಸಲಿಲ್ಲ. ವೈಯತ್ ಕಂಪನಿಯ ಎಂವೈಒ-029 ಔಷಧವನ್ನು ಬೇರೆಬೇರೆ ಬಗೆಯ ಸ್ನಾಯುಕ್ಷಯವಿದ್ದ 116 ವಯಸ್ಕರಿಗೆ ಕೊಟ್ಟು ನೋಡಲಾಯಿತು. 2008ರಲ್ಲಿ ಬಂದ ವರದಿಯ ಪ್ರಕಾರ ದೊಡ್ಡ ಅಪಾಯವೂ ಆಗಲಿಲ್ಲ, ಬಲವೂ ಬರಲಿಲ್ಲ. ಡುಶೆನ್ ಮಕ್ಕಳಿಗೆ ಕೊಟ್ಟ ಎಸಿಇ-031 ಔಷಧದಿಂದ ಮೂಗು, ಒಸಡುಗಳಲ್ಲಿ ರಕ್ತ ಜಿನುಗತೊಡಗಿ ಪ್ರಯೋಗವನ್ನೇ ಕೈಬಿಡಬೇಕಾಯಿತು. ಸ್ನಾಯುಕ್ಷಯದ ರೋಗಿಗಳಲ್ಲಿ ಮಯೋಸ್ಟಾಟಿನ್ ಮೊದಲೇ ಕಡಿಮೆ ಇರುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಸಡಿಲವಾಗಿಯೇ ಇದ್ದ ಕಡಿವಾಣವನ್ನು ಇನ್ನಷ್ಟು ಸಡಿಲಿಸಲು ಹೊರಟಿದ್ದರು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೆಯೇ ನಡೆಯಬೇಕೆಂದೇನೂ ಇಲ್ಲ. ಈ ಪಾಠಕ್ಕೆ ಬೆಲೆ ತೆತ್ತವರು ಮಕ್ಕಳನ್ನು ಪ್ರಯೋಗಕ್ಕೆ ಕರೆತಂದ ತಂದೆ-ತಾಯಿಯರು.

ಇನ್ನೊಂದು ಬಗೆಯ ಸೋಲು ಇದಕ್ಕಿಂತ ವಿಚಿತ್ರ. ಕ್ಯಾನ್ಸರ್ ರೋಗಿಗಳಲ್ಲಿ ಅನೇಕರು ಗಡ್ಡೆಗಿಂತ ಮೊದಲು ಮೈ ಇಳಿಯುವುದರಿಂದಲೇ ಸೋಲುತ್ತಾರೆ. ಊಟ ಸೇರುವುದಿಲ್ಲ, ಸೇರಿದರೂ ಮೈಗೆ ಹತ್ತುವುದಿಲ್ಲ. ಕೆಕೆಕ್ಸಿಯಾ ಎನ್ನುವ ಈ ಸ್ಥಿತಿಗೆಂದು ಬಂದ ಎನೋಬೋಸಾರ್ಮ್ ಔಷಧದ ಎರಡು ದೊಡ್ಡ ಪ್ರಯೋಗಗಳು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ನಡೆದವು. ಸ್ನಾಯುವಿನ ತೂಕ ಹೆಚ್ಚಬೇಕು, ಮೆಟ್ಟಿಲು ಹತ್ತುವ ಬಲವೂ ಹೆಚ್ಚಬೇಕು ಎಂದು ಎರಡು ಗುರಿಗಳಿದ್ದವು. 2013ರಲ್ಲಿ ಫಲಿತಾಂಶ ಬಂದಾಗ ಎರಡೂ ಒಟ್ಟಿಗೆ ಕೈಗೂಡಲಿಲ್ಲ. ಹಸಿವು ಹೆಚ್ಚಿಸುವ ಅನಮೋರೆಲಿನ್ ಎಂಬ ಇನ್ನೊಂದು ಔಷಧದಿಂದ ಸ್ನಾಯು ಹೆಚ್ಚಾಯಿತು, ಆದರೆ ಮುಷ್ಟಿಯ ಹಿಡಿತ ಒಂದಿಷ್ಟೂ ಬಿಗಿಯಾಗಲಿಲ್ಲ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಇದನ್ನು ತಿರಸ್ಕರಿಸಿತು. ಜಪಾನ್ 2021ರಲ್ಲಿ ಒಪ್ಪಿಕೊಂಡಿತು. ಮದ್ದು ಒಂದೇ, ತೀರ್ಪು ಎರಡು.

ನನಗೆ ಯುರೋಪಿನ ಹಟವೇ ಸರಿ ಎನಿಸುತ್ತದೆ. ಸ್ಕ್ಯಾನ್‌ನಲ್ಲಿ ಕಾಣುವ ಒಂದು ಕಿಲೋ ಮಾಂಸ ಕಂಪನಿಗೆ ದೊಡ್ಡ ಗೆಲುವು. ರೋಗಿ ಕೇಳುವುದು ಬೇರೆ: ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿಬರಬಹುದೇ? ಆ ಪ್ರಶ್ನೆಗೆ ಉತ್ತರ ಹೇಳದ ಪ್ರಯೋಗಕ್ಕೆ ರೋಗಿಗಳ ತಿಂಗಳುಗಳನ್ನು ಖರ್ಚು ಮಾಡುವುದು ಅನ್ಯಾಯ. ಆದರೆ ಜಪಾನಿನ ಕಡೆಯೂ ಒಂದು ಮಾತಿದೆ. ಸಾವಿನ ಸಮೀಪ ಇರುವವರಿಗೆ ಎರಡು ತುತ್ತು ರುಚಿಯಾಗಿ ಇಳಿದರೆ ಅದೇನೂ ಸಣ್ಣ ವಿಷಯವಲ್ಲ.

ರೋಗಿಯ ಆ ಬಚ್ಚಲಿನ ಪ್ರಶ್ನೆಗೆ ಉತ್ತರ ಹೇಳಿದ ಚಿಕಿತ್ಸೆಯೊಂದು ಮಾತ್ರ ಎಂದಿನಿಂದಲೋ ಇದೆ. 1990ರಲ್ಲಿ ಬೋಸ್ಟನ್ನಿನ ವೃದ್ಧಾಲಯವೊಂದರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ತೊಂಬತ್ತರ ಆಸುಪಾಸಿನ ಹತ್ತು ಮಂದಿಯ ಕಾಲಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಕಾಟಾಚಾರದ ಕೈಕಾಲು ಆಡಿಸುವಿಕೆಯಲ್ಲ. ಅವರವರ ಶಕ್ತಿಯ ತುದಿಯ ಹತ್ತಿರ ಹೋಗುವಷ್ಟು ಭಾರ. ಎಂಟು ವಾರ ಪೂರೈಸಿದವರಲ್ಲಿ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತ್ತು. ತೊಡೆಯ ಸ್ನಾಯು ಬೆಳೆದದ್ದು ಬರೀ 9 ಶೇಕಡಾ! ಗಾತ್ರ ಅಷ್ಟೇನೂ ಏರದೆಯೂ ಬಲ ಏರಬಹುದು, ಏಕೆಂದರೆ ಇರುವ ಸ್ನಾಯುವನ್ನು ದುಡಿಸುವುದನ್ನು ನರಗಳೂ ಕಲಿಯುತ್ತವೆ. ತಂತಿ ಕಡಿದ ಪಂಪ್‌ಸೆಟ್ಟಿಗೆ ಎಷ್ಟು ದೊಡ್ಡ ಮೋಟಾರು ಕೂಡಿಸಿದರೂ ನೀರು ಬರುವುದಿಲ್ಲವಲ್ಲ, ಸ್ನಾಯುವಿನ ಕತೆಯೂ ಅದೇ. ನಾಲ್ಕು ವರ್ಷಗಳ ನಂತರ ಅವರದೇ ತಂಡ ನೂರು ಮಂದಿಯ ಮೇಲೆ ನಡೆಸಿದ ದೊಡ್ಡ ಪ್ರಯೋಗದಲ್ಲಿ ನಡಿಗೆಯ ವೇಗ ಸುಮಾರು 12 ಶೇಕಡಾ, ಮೆಟ್ಟಿಲು ಹತ್ತುವ ಬಲ 28 ಶೇಕಡಾ ಏರಿತು. ವ್ಯಾಯಾಮವಿಲ್ಲದೆ ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಏನೂ ದಕ್ಕಲಿಲ್ಲ.

ಇದನ್ನು ನಮ್ಮ ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಯೋಚಿಸಬೇಕು. ಆರೋಗ್ಯವಾಗಿದ್ದ 12 ಮಂದಿ ಹಿರಿಯರನ್ನು ಹತ್ತು ದಿನ ಹಾಸಿಗೆ ಬಿಟ್ಟೇಳದಂತೆ ಮಲಗಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸ ಕರಗಿಹೋಗಿತ್ತು. ಕಾಯಿಲೆಯೇ ಇಲ್ಲದವರ ಪಾಡು ಇದು. ನಮ್ಮಲ್ಲಿ ಎಪ್ಪತ್ತೈದರ ಅಜ್ಜಿ ನ್ಯುಮೋನಿಯಾ ವಾಸಿಯಾಗಿ ಮನೆಗೆ ಬಂದರೆ, ‘ಪಾಪ, ಮೈ ಇಳಿದುಹೋಗಿದೆ, ಏಳಬೇಡಿ, ಮಲಗಿರಿ’ ಎಂದು ಮಕ್ಕಳು ಮೊಮ್ಮಕ್ಕಳೆಲ್ಲ ಪ್ರೀತಿಯಿಂದ ಮತ್ತೆ ಮಲಗಿಸುತ್ತಾರೆ. ಗಂಜಿ ಕೊಡುತ್ತಾರೆ. ತಿಂಗಳಾದರೂ ಕಾಲಿಗೆ ಬಲ ಬರುವುದಿಲ್ಲ. ಬಿಡುಗಡೆ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಇರುತ್ತದೆ. ಕುರ್ಚಿಯಿಂದ ದಿನಕ್ಕೆ ಎಷ್ಟು ಸಲ ಎದ್ದು ಕೂರಬೇಕು ಎಂದು ಬರೆದಿರುವುದನ್ನು ನೋಡುವುದು ಅಪರೂಪ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯು ಸೋತಿರಬಹುದೆಂದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೇಳಿದೆ. ಇದಕ್ಕೆ ಬೇಕಾದದ್ದು ಒಂದು ಕುರ್ಚಿ, ಒಂದು ಗಡಿಯಾರ. ಬೀಳುವ ಭಯವಿದ್ದರೆ ಪಕ್ಕದಲ್ಲೊಬ್ಬರು.

ಗಂಜಿಯ ಮಾತು ಬಂದಿತಲ್ಲ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಅವರ ತಂಡ ನಡೆಸಿದ ಕೆಲಸವನ್ನು ಇಲ್ಲಿ ನೆನೆಯಲೇಬೇಕು. ಸ್ನಾಯು ಕಟ್ಟಲು ಬೇಕಾದ ಲೈಸೀನ್ ಎಂಬ ಅಮೈನೋ ಆಮ್ಲ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 12 ಮಿಲಿಗ್ರಾಂ ಸಾಕೆಂದು 1985ರ ಅಂತರರಾಷ್ಟ್ರೀಯ ಶಿಫಾರಸು ಹೇಳುತ್ತಿತ್ತು. ಭಾರತೀಯರನ್ನೇ ಅಳೆದು ನೋಡಿದಾಗ ಬೇಕಾದದ್ದು ಸುಮಾರು 30 ಮಿಲಿಗ್ರಾಂ. 2007ರ ಶಿಫಾರಸಿನಲ್ಲಿ ಈ ಅಂಕಿಯೇ ನಿಂತಿತು. ಅಕ್ಕಿ, ಗೋಧಿ, ರಾಗಿ ಮೂರರಲ್ಲೂ ಲೈಸೀನ್ ಕಡಿಮೆ. ಬೇಳೆಕಾಳು, ಹಾಲು, ಮೊಟ್ಟೆಗಳಲ್ಲಿ ಹೆಚ್ಚು. ಮುದ್ದೆಯ ಜೊತೆಗೆ ಹುರುಳಿ ಸಾರೋ ಅವರೆಕಾಳಿನ ಹುಳಿಯೋ ಇದ್ದರೆ ತಟ್ಟೆ ತುಂಬಿತು. ಬರೀ ತಿಳಿಗಂಜಿ ಕುಡಿದು ಚೇತರಿಸಿಕೊಳ್ಳಬೇಕಾದ ಹಿರಿಯರ ಸ್ನಾಯುವಿಗೆ ಕಟ್ಟಿಕೊಳ್ಳಲು ಸಾಮಗ್ರಿಯೇ ಸಿಗುವುದಿಲ್ಲ.

ಹಾಗೆಂದು ಔಷಧದ ದಾರಿ ಮುಚ್ಚಿಲ್ಲ, ಮುಚ್ಚಲೂಬಾರದು. ವ್ಯಾಯಾಮದಿಂದ ಡುಶೆನ್ ವಾಸಿಯಾಗುವುದಿಲ್ಲ. ಕ್ಯಾನ್ಸರ್ ರೋಗಿಗಳಲ್ಲಿ ಹಸಿವನ್ನು ಅಡಗಿಸುವ ಜಿಡಿಎಫ್-15 ಎಂಬ ಸಂಕೇತವನ್ನು ತಡೆಯುವ ಪೊನ್ಸೆಗ್ರೋಮಾಬ್ 187 ರೋಗಿಗಳ ಪ್ರಯೋಗದಲ್ಲಿ 2024ರಲ್ಲಿ ಭರವಸೆ ಹುಟ್ಟಿಸಿತು: ಹೆಚ್ಚಿನ ಪ್ರಮಾಣ ಪಡೆದವರ ತೂಕ 12 ವಾರಗಳಲ್ಲಿ ಹುಸಿಮದ್ದಿನವರಿಗಿಂತ ಸುಮಾರು 2.8 ಕಿಲೋ ಹೆಚ್ಚಿತ್ತು, ಹಸಿವೂ ಓಡಾಟವೂ ಸುಧಾರಿಸಿದವು.

ಮಯೋಸ್ಟಾಟಿನ್ ತಡೆಯುವ ಯತ್ನವೂ ಮರಳಿ ಬಂದಿದೆ, ಈ ಸಲ ಸರಿಯಾದ ಜಾಗ ಹುಡುಕಿಕೊಂಡು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯಲ್ಲಿ, ನಾವೆಲ್ಲ ಎಸ್‌ಎಂಎ ಎಂದು ಪತ್ರಿಕೆಗಳಲ್ಲಿ ಓದುವ ಕಾಯಿಲೆಯಲ್ಲಿ, ಮೊದಲು ಸಾಯುವುದು ಬೆನ್ನುಹುರಿಯ ನರಕೋಶ. ಸ್ನಾಯು ಸೊರಗುವುದು ಆನಂತರ. ನರಕೋಶವನ್ನು ಉಳಿಸುವ ನುಸಿನರ್ಸೆನ್ ಅಥವಾ ರಿಸ್ಡಿಪ್ಲಾಮ್ ಪಡೆಯುತ್ತಿದ್ದ, ನಡೆಯಲಾಗದ ಮಕ್ಕಳಿಗೆ ಅದರ ಜೊತೆಗೇ ಮಯೋಸ್ಟಾಟಿನ್ ತಡೆಯುವ ಅಪಿಟೆಗ್ರೋಮಾಬ್ ಕೊಡಲಾಯಿತು. ಹ್ಯಾಮರ್‌ಸ್ಮಿತ್ ಎಂಬ 66 ಅಂಕಗಳ ಪರೀಕ್ಷೆಯಲ್ಲಿ ಅವರು ಹುಸಿಮದ್ದಿನ ಮಕ್ಕಳಿಗಿಂತ 1.8 ಅಂಕ ಮುಂದಿದ್ದಾರೆಂದು 2024ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಮಗ್ಗುಲಾಗುವುದು, ಆಧಾರವಿಲ್ಲದೆ ಕೂರುವುದು ಇಂಥವಕ್ಕೆ ಇಲ್ಲಿ ಅಂಕ. ಒಂದೊಂದೂ ತಾಯಿಗೆ ಗೊತ್ತಾಗುವ ವ್ಯತ್ಯಾಸ. ಅದೇ ವರ್ಷ ಅದೇ ಕಾಯಿಲೆಗೆಂದು ಬಂದ ಅದೇ ಬಗೆಯ ತಾಲ್ಡೆಫ್ಗ್ರೋಬೆಪ್ ಮುಖ್ಯ ಗುರಿ ತಲುಪಲಿಲ್ಲ ಎಂಬುದನ್ನೂ ಇದರ ಪಕ್ಕದಲ್ಲೇ ಇಟ್ಟು ಓದಬೇಕು.

ಆದರೆ ಅಪಿಟೆಗ್ರೋಮಾಬ್ ಫಲ ಕೊಟ್ಟದ್ದು ನರಕೋಶ ಉಳಿಸುವ ಮೊದಲ ಔಷಧ ದೇಹದಲ್ಲಿ ಇದ್ದವರಲ್ಲಿ. ಆ ಮೊದಲನೆಯದೇ ನಮ್ಮ ಮಕ್ಕಳಿಗೆ ಬಹುಕಾಲ ದುರ್ಲಭವಾಗಿತ್ತು. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಬೆಂಗಳೂರಿನ ಕೇಂದ್ರವೂ ಸೇರಿದಂತೆ ಗುರುತಿಸಿದ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ನಿಗದಿಪಡಿಸಲಾಯಿತು. ಎಸ್‌ಎಂಎ ಮಗುವಿಗೆ ರಿಸ್ಡಿಪ್ಲಾಮ್ ಪ್ರತಿದಿನ ಬೇಕು, ಬದುಕಿರುವವರೆಗೂ ಬೇಕು.