ಲಾಂಗ್‌ವಾಲ್ ಗಣಿಯಲ್ಲಿ ಚಾವಣಿ ಕುಸಿಯಲೇಬೇಕು

ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ಕಳಿಸುವವರಲ್ಲಿ ತೆಲಂಗಾಣದ ಸಿಂಗರೇಣಿ ಸಂಸ್ಥೆಯೂ ಒಂದು. ರಾಮಗುಂಡಂ ಪ್ರದೇಶದಲ್ಲಿರುವ ಅದರ ಅಡ್ರಿಯಾಲ ಗಣಿಯದು ಲಾಂಗ್‌ವಾಲ್ ಪದ್ಧತಿ. ನೆಲದಡಿಯ ಆ ಕೆಲಸದ ಬಗ್ಗೆ ಕೆಲವು ತಪ್ಪು ತಿಳಿವಳಿಕೆಗಳನ್ನು ನಾವು ತಿದ್ದಿಕೊಳ್ಳಬೇಕಿದೆ.

ತಪ್ಪು ಕಲ್ಪನೆ 1: ಕಾರ್ಮಿಕರು ಗುದ್ದಲಿ ಹಿಡಿದು ಅಗೆಯುತ್ತಾರೆ.
ವಾಸ್ತವ: ಕಲ್ಲಿದ್ದಲು ಪದರದಲ್ಲಿ ಎರಡು ಸಮಾನಾಂತರ ಸುರಂಗ ಕೊರೆದು, ತುದಿಯಲ್ಲಿ ಅಡ್ಡ ಸುರಂಗದಿಂದ ಕೂಡಿಸುತ್ತಾರೆ. ಅಲ್ಲಿನ ಕಲ್ಲಿದ್ದಲಿನ ಗೋಡೆಯೇ ‘ಫೇಸ್’. ಅಡ್ರಿಯಾಲದಲ್ಲಿ ಅದರ ಉದ್ದ ಸುಮಾರು 250 ಮೀಟರ್. ಷಿಯರರ್ ಯಂತ್ರ ಅದರುದ್ದಕ್ಕೂ ಓಡಾಡುತ್ತಾ ಗೋಡೆಯನ್ನು ಕತ್ತರಿಸುತ್ತದೆ. ಉದುರಿದ್ದನ್ನು ಸರಪಳಿ ಕನ್ವೇಯರ್ ಸಾಗಿಸುತ್ತದೆ. ಯಂತ್ರಾಧಾರಿತ ಲಾಂಗ್‌ವಾಲ್ 1978ರಲ್ಲೇ ಝರಿಯಾದ ಮೂನಿಡೀಹ್ ಗಣಿಗೆ ಬಂದಿತ್ತು.

ತಪ್ಪು ಕಲ್ಪನೆ 2: ಚಾವಣಿ ಕುಸಿದರೆ ಅದು ಅಪಘಾತ.
ವಾಸ್ತವ: ಕುಸಿಯಲೆಂದೇ ಬಿಡುತ್ತಾರೆ. ಸಾಲಾಗಿ ನಿಂತ ಹೈಡ್ರಾಲಿಕ್ ಷೀಲ್ಡ್‌ಗಳು ಕೆಲಸಗಾರರ ತಲೆಮೇಲಿನ ಬಂಡೆಯನ್ನು ಹೊತ್ತಿರುತ್ತವೆ. ಗೋಡೆ ಕತ್ತರಿಸಿದಂತೆಲ್ಲ ಅವು ಮುಂದೆ ಸರಿಯುತ್ತವೆ, ಹಿಂದೆ ಖಾಲಿಯಾದ ಜಾಗದ ಚಾವಣಿ ಬೀಳುತ್ತದೆ. ಆ ಜಾಗಕ್ಕೆ ಗೋಫ್ ಎನ್ನುತ್ತಾರೆ. ನಿಜವಾದ ಭಯ ಬೀಳದೆ ನಿಂತ ಬಂಡೆಯದು; ಅದರ ಭಾರವೆಲ್ಲ ಒಮ್ಮೆಗೇ ಷೀಲ್ಡ್‌ಗಳ ಮೇಲೆ ಬರಬಹುದು. 1990ರಲ್ಲಿ, ಈಗ ಛತ್ತೀಸಗಢದಲ್ಲಿರುವ ಚುರ್ಚಾ ಗಣಿಯಲ್ಲಿ ಹಾಗಾಗಿ ಷೀಲ್ಡ್‌ಗಳು ಜಖಂಗೊಂಡವು. ಅದಕ್ಕೇ ಗಟ್ಟಿ ಬಂಡೆಯಿದ್ದಲ್ಲಿ ಸಿಡಿಮದ್ದಿಟ್ಟು ಬೀಳಿಸುವುದೂ ಉಂಟು.

ತಪ್ಪು ಕಲ್ಪನೆ 3: ಒಳಗೆ ಗಾಳಿ ಹಾಯಿಸುವುದು ಉಸಿರಾಟಕ್ಕಷ್ಟೇ.
ವಾಸ್ತವ: ಕಲ್ಲಿದ್ದಲಿನಿಂದ ಹೊರಡುವ ಮೀಥೇನನ್ನು ಹೊರಗೊಯ್ಯುವುದೂ ಅದೇ ಗಾಳಿ. ಮೀಥೇನ್ ಪ್ರಮಾಣ ಶೇ 5ರಿಂದ 15ರ ನಡುವೆ ಇದ್ದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಭಾರತದ ನಿಯಮದಂತೆ ಅದು ಶೇ 1.25 ದಾಟಿದೊಡನೆ ವಿದ್ಯುತ್ ಕಡಿತಗೊಳಿಸಬೇಕು. ಹಾಗೆಂದು ಗೋಫ್‌ಗೆ ಗಾಳಿ ನುಗ್ಗಬಾರದು. ಅಲ್ಲಿ ಉಳಿದ ಕಲ್ಲಿದ್ದಲು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು.

ತಪ್ಪು ಕಲ್ಪನೆ 4: ಯಂತ್ರ ಬಂತು, ಅಪಾಯ ಹೋಯಿತು.
ವಾಸ್ತವ: 2010ರ ಏಪ್ರಿಲ್ 5ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಅಪ್ಪರ್ ಬಿಗ್ ಬ್ರಾಂಚ್ ಎಂಬ ಲಾಂಗ್‌ವಾಲ್ ಗಣಿ ಸ್ಫೋಟಿಸಿ 29 ಮಂದಿ ಸತ್ತರು. ಷಿಯರರ್‌ನ ಹಲ್ಲುಗಳು ಸವೆದಿದ್ದವು, ನೀರು ಚಿಮ್ಮಿಸುವ ವ್ಯವಸ್ಥೆ ಕೆಟ್ಟಿತ್ತು, ಕಲ್ಲಿದ್ದಲು ಧೂಳನ್ನು ಅಡಗಿಸುವ ಕಲ್ಲುಪುಡಿಯನ್ನು ಸಾಕಷ್ಟು ಎರಚಿರಲಿಲ್ಲ ಎಂದು ತನಿಖೆ ಹೇಳಿತು. ಮೀಥೇನ್‌ಗೆ ಹತ್ತಿದ ಬೆಂಕಿಯನ್ನು ಆ ಧೂಳೇ ಗಣಿಯೊಳಗೆಲ್ಲ ಹಬ್ಬಿಸಿತು. ಯಂತ್ರ ಎಷ್ಟೇ ದೊಡ್ಡದಿರಲಿ, ಜೀವ ಉಳಿಸುವುದು ಪ್ರತಿ ಪಾಳಿಯ ಇಂಥ ಸಣ್ಣ ಕೆಲಸಗಳೇ.

ತಪ್ಪು ಕಲ್ಪನೆ 5: ಆಳದ ಗಣಿಯಿಂದ ಮೇಲಿನ ನೆಲಕ್ಕೆ ತೊಂದರೆಯಿಲ್ಲ.
ವಾಸ್ತವ: ನೆಲ ತಗ್ಗುತ್ತದೆ. ಗೋಡೆ ಬಿರುಕು ಬಿಡಬಹುದು, ಬಾವಿಯ ನೀರು ಇಳಿಯಬಹುದು. ಎಲ್ಲಿ ಎಷ್ಟು ತಗ್ಗೀತು ಎಂಬುದನ್ನು ಎಂಜಿನಿಯರುಗಳು ಮೊದಲೇ ಅಂದಾಜು ಮಾಡಬಲ್ಲರು. ಆ ಅಂದಾಜನ್ನು ಗಣಿ ಶುರುವಾಗುವ ಮುನ್ನವೇ ಊರಿನವರ ಮುಂದಿಟ್ಟು, ಅವರ ಮನೆಗೂ ನೀರಿಗೂ ಹೊಣೆ ಹೊರುವುದು ಗಣಿ ನಡೆಸುವವರ ಕರ್ತವ್ಯ.